ಹೆಗಲು ಮುಟ್ಟಿ ನೋಡಿಕೊಂಡವನ ಪರವಾಗಿ

(ಕಾನೂನು ಅರಿವಿನ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿಕ್ಕಂದಿನಲ್ಲಿ ಈ ಗಾದೆ ಕೇಳಿ ನಕ್ಕವನು ನಾನು. ಕರಿಕೋಟು ಹಾಕಿದ ಮೇಲೆ ನಗು ಬರುವುದಿಲ್ಲ. ತನಿಖೆ, ಸಾಕ್ಷಿ, ತೀರ್ಪು ಎಲ್ಲವೂ ಈ ಒಂದೇ ಸಾಲಿನಲ್ಲಿ ಮುಗಿದುಹೋಗಿವೆ. ಹೆಗಲು ಮುಟ್ಟಿಕೊಂಡನಾ? ಹಾಗಾದರೆ ಅವನೇ. ಕಾಯಿ ಯಾರ ಬಳಿ ಸಿಕ್ಕಿತು, ಹೆಗಲ ಮೇಲೆ ನಿಜಕ್ಕೂ ಬೂದಿ ಇತ್ತಾ, 'ಕಳ್ಳ' ಅಂತ ಕೂಗಿದವನು ಯಾರು, ಅವನಿಗೂ ಇವನಿಗೂ ಹಳೆಯ ದ್ವೇಷವೇನಾದರೂ ಇತ್ತಾ? ಒಬ್ಬರೂ ಕೇಳಲಿಲ್ಲ. ನೂರು ಜನ ತನ್ನನ್ನೇ ನೋಡುತ್ತಿರುವಾಗ ಹಾಗೆ ಕೂಗಿದರೆ ಕದಿಯದವನ ಕೈಯೂ ಹೆಗಲಿಗೆ ಹೋಗುತ್ತದೆ. ನನ್ನ ಕೈಯಂತೂ ಹೋಗುತ್ತದೆ.

ಆರೋಪ ಎದುರಿಸುವವರಿಗೆ ನುರಿತ ವಕೀಲರು ಯಾಕೆ ಬೇಕು ಎಂಬುದರ ಬಗ್ಗೆ ಮಾತಾಡಲು ಇಲ್ಲಿಗೆ ಕರೆದಿದ್ದಾರೆ. ನಾನು ಆ ಹೆಗಲು ಮುಟ್ಟಿಕೊಂಡವನ ಪಕ್ಕ ನಿಂತು ಮಾತಾಡುತ್ತೇನೆ. ಅವನು ಕದ್ದಿದ್ದಾನೋ ಇಲ್ಲವೋ ನಮಗಿನ್ನೂ ಗೊತ್ತಿಲ್ಲ.

ನಿಜ ಹೇಳುವುದಕ್ಕೆ ವಕೀಲರೇಕೆ ಎಂದು ಬಹಳ ಜನ ಕೇಳುತ್ತಾರೆ. ಹಳೆಯ ಪ್ರಶ್ನೆಯೇ ಇದು. 18ನೇ ಶತಮಾನದ ಆರಂಭದಲ್ಲಿ ವಿಲಿಯಂ ಹಾಕಿನ್ಸ್ ಎಂಬ ಇಂಗ್ಲೆಂಡಿನ ಕಾನೂನು ಪಂಡಿತ, ಪ್ರಾಮಾಣಿಕವಾಗಿ ತನ್ನ ಪರ ಹೇಳಿಕೊಳ್ಳಲು ಯಾವ ಕೌಶಲವೂ ಬೇಡ ಎಂದೇ ವಾದಿಸಿದ್ದ. ಅವನೊಬ್ಬನ ಅಭಿಪ್ರಾಯವಲ್ಲ, ಅಲ್ಲಿನ ನ್ಯಾಯಾಲಯಗಳ ಪದ್ಧತಿಯೇ ಹಾಗಿತ್ತು. ಜಮೀನಿನ ವ್ಯಾಜ್ಯಕ್ಕೆ ವಕೀಲರನ್ನು ಇಟ್ಟುಕೊಳ್ಳಬಹುದಿತ್ತು, ಸಣ್ಣಪುಟ್ಟ ಅಪರಾಧಕ್ಕೂ ಇಟ್ಟುಕೊಳ್ಳಬಹುದಿತ್ತು. ಕುತ್ತಿಗೆಗೆ ಹಗ್ಗ ಬೀಳುವಂಥ ಆರೋಪವಿದ್ದರೆ ಮಾತ್ರ, ಕಾನೂನಿನ ತಾಂತ್ರಿಕ ಪ್ರಶ್ನೆ ಎದ್ದಾಗಿನ ಹೊರತು, ಆರೋಪಿ ಒಬ್ಬನೇ ನಿಲ್ಲಬೇಕು. 1696ರಲ್ಲಿ ರಾಜದ್ರೋಹದ ಮೊಕದ್ದಮೆಗಳಿಗೆ ಮೊದಲು ವಿನಾಯಿತಿ ಸಿಕ್ಕಿತು. ಆ ಆರೋಪ ಕಾನೂನು ಮಾಡುವವರ ತಲೆಗೇ ಬರುವಂಥದ್ದು ಎಂಬುದನ್ನು ಮರೆಯಬೇಡಿ. 1730ರ ದಶಕದಲ್ಲಿ ನ್ಯಾಯಾಧೀಶರು ಒಬ್ಬೊಬ್ಬರಾಗಿ, ಆರೋಪಿ ಪರ ವಕೀಲರು ಸಾಕ್ಷಿಗಳನ್ನು ಪ್ರಶ್ನಿಸಲು ಬಿಟ್ಟರು. ಆದರೆ ಜ್ಯೂರಿಯನ್ನು, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡವನ್ನು, ಉದ್ದೇಶಿಸಿ ವಾದ ಮಾಡಲು 1836ರ ಕಾಯ್ದೆಯವರೆಗೆ ಕಾಯಬೇಕಾಯಿತು. ಕಳ್ಳತನದ ಆರೋಪ ಹೊತ್ತ ಕೂಲಿಯಾಳಿಗೆ ಈ ಸೌಲಭ್ಯ ಸಿಗುವ ಹೊತ್ತಿಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದುಹೋಗಿತ್ತು.

ನಿರಪರಾಧಿ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಈ ವಾದದ ಬುಡದಲ್ಲಿದೆ. ನಿರಪರಾಧಿಗಳು ಸುಳ್ಳು ಹೇಳುತ್ತಾರೆ. ನಾನೇ ಕಂಡಿದ್ದೇನೆ.

ನನ್ನ ಕಕ್ಷಿದಾರನೊಬ್ಬನ ಮೇಲೆ ಮನೆಗಳ್ಳತನದ ಕೇಸಿತ್ತು. ಆ ರಾತ್ರಿ ಮನೆಯಲ್ಲಿ ಮಲಗಿದ್ದೆ ಎಂದು ಪೊಲೀಸರ ಮುಂದೆ ಹೇಳಿದ್ದ. ಪೊಲೀಸರು ಅವನ ಮೊಬೈಲಿನ ಟವರ್ ದಾಖಲೆ ತರಿಸಿದರು. ಮನೆಯಲ್ಲಿ ಇರಲಿಲ್ಲ. ಸುಳ್ಳು ಸಿಕ್ಕಿಬಿತ್ತು, ಇನ್ನೇನು ಬೇಕು? ನನ್ನ ಹತ್ತಿರವೂ ಎರಡು ಭೇಟಿಯಲ್ಲಿ ಅದೇ ಪಾಠ ಒಪ್ಪಿಸಿದ. ಮೂರನೆಯ ಸಲ, ನೀವು ನನಗೆ ಹೇಳಿದ್ದು ನನ್ನಲ್ಲೇ ಇರುತ್ತದೆ, ಕೋರ್ಟು ಕೇಳಿದರೂ ನಾನು ಬಾಯಿ ಬಿಡುವ ಹಾಗಿಲ್ಲ ಎಂದು ಬಿಡಿಸಿ ಹೇಳಿದ ಮೇಲೆ ತಲೆ ತಗ್ಗಿಸಿಕೊಂಡು ಹೇಳಿದ: ಆ ರಾತ್ರಿ ಅವನು ಸ್ನೇಹಿತನ ರೂಮಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡುತ್ತಿದ್ದ. ಇನ್ನು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಆಣೆ ಮಾಡಿದ್ದನಂತೆ. ಜೈಲಿಗಿಂತ ಆ ಆಣೆ ಅವನಿಗೆ ದೊಡ್ಡದಾಗಿತ್ತು.

ಮತ್ತೆ ಟವರ್ ದಾಖಲೆ ತೆಗೆದು ನೋಡಿದೆ. ಅವನು ಮನೆಯಲ್ಲಿರಲಿಲ್ಲ ಎಂದು ತೋರಿಸಲು ಪೊಲೀಸರು ತಂದ ಅದೇ ಕಾಗದ, ಕಳ್ಳತನ ನಡೆದ ಜಾಗದ ಹತ್ತಿರವೂ ಅವನು ಇರಲಿಲ್ಲ ಎಂದು ಹೇಳುತ್ತಿತ್ತು. ಸುಳ್ಳು ಸಿಕ್ಕ ಖುಷಿಯಲ್ಲಿ ಮುಂದಿನ ಸಾಲನ್ನು ಯಾರೂ ಓದಿರಲಿಲ್ಲ. ಇದನ್ನು ನನ್ನ ಜಾಣತನವೆಂದು ಹೇಳಿಕೊಳ್ಳುತ್ತಿಲ್ಲ. ಅವನು ನಿಜ ಹೇಳದಿದ್ದರೆ ನಾನೂ ಓದುತ್ತಿರಲಿಲ್ಲ. ಗುಟ್ಟು ಕಾಯಬೇಕಾದ ಕರ್ತವ್ಯವುಳ್ಳ ಒಬ್ಬ ಮನುಷ್ಯ ಎದುರಿಗೆ ಕೂತ ಮೇಲಷ್ಟೇ ಆ ನಿಜ ಹೊರಬಂದದ್ದು.

ಈಗ ಠಾಣೆಯ ವಿಷಯ. ವಕೀಲರೆಂದರೆ ಕೋರ್ಟಿನಲ್ಲಿ ಮಾತಾಡುವವರು ಎಂದುಕೊಂಡಿರುತ್ತೇವೆ. ಎಷ್ಟೋ ಮೊಕದ್ದಮೆಗಳು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ತೀರ್ಮಾನವಾಗಿರುತ್ತವೆ. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದ ಮಹಿಳೆಯೊಬ್ಬರ ಮೇಲೆ ಭೀಕರ ದಾಳಿ ನಡೆಯಿತು. ಪೊಲೀಸರು ಹಿಡಿದ ಐವರೂ 14ರಿಂದ 16 ವರ್ಷದ ಹುಡುಗರು. ಗಂಟೆಗಟ್ಟಲೆ ವಿಚಾರಣೆಯಾದ ಮೇಲೆ ನಾಲ್ವರು ಕ್ಯಾಮೆರಾ ಮುಂದೆಯೇ ತಪ್ಪೊಪ್ಪಿಕೊಂಡರು. ಆ ಕೋಣೆಯಲ್ಲಿ ವಕೀಲರಿರಲಿಲ್ಲ. ಒಬ್ಬರ ಹೇಳಿಕೆ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ, ಸಿಕ್ಕ ಡಿಎನ್ಎ ಯಾರದಕ್ಕೂ ಹೊಂದುತ್ತಿರಲಿಲ್ಲ. ಆದರೂ ಐವರಿಗೂ ಶಿಕ್ಷೆಯಾಯಿತು. 2002ರಲ್ಲಿ ಬೇರೊಬ್ಬ ಕೈದಿ ತಾನೊಬ್ಬನೇ ಮಾಡಿದ್ದೆಂದು ಹೇಳಿದ, ಅವನ ಡಿಎನ್ಎ ಹೊಂದಿತು, ಶಿಕ್ಷೆಗಳು ರದ್ದಾದವು. ಅಷ್ಟರಲ್ಲಿ ಆ ಹುಡುಗರ ಹದಿಹರೆಯವೆಲ್ಲ ಕಂಬಿಯ ಹಿಂದೆ ಕಳೆದಿತ್ತು.

ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ ಎಂದರೆ, ಒಪ್ಪಿಕೊಳ್ಳುತ್ತಾರೆ. ಹೊಡೆಯಲೇಬೇಕೆಂದಿಲ್ಲ. ನಿದ್ದೆ ಕೆಡಿಸಿ, ನಿನ್ನ ಗೆಳೆಯ ಆಗಲೇ ಎಲ್ಲ ಹೇಳಿದ್ದಾನೆ, ಇಲ್ಲೊಂದು ಸಹಿ ಹಾಕಿದರೆ ಮನೆಗೆ ಹೋಗಬಹುದು ಎಂದರೆ ಸಾಕು. ಹೇಗೂ ನಿಜ ಆಮೇಲೆ ಗೊತ್ತಾಗುತ್ತದಲ್ಲ ಎಂಬ ನಂಬಿಕೆಯಿಂದ ನಿರಪರಾಧಿಯೇ ಬೇಗ ಸಹಿ ಹಾಕುತ್ತಾನೆ. ಸಾಲ್ದೂಜ್ ಪ್ರಕರಣದಲ್ಲಿ, ಟರ್ಕಿಯಲ್ಲಿ ವಕೀಲರಿಲ್ಲದೆ ವಿಚಾರಣೆಗೆ ಒಳಗಾದ 17 ವರ್ಷದ ಹುಡುಗನೊಬ್ಬನ ಅರ್ಜಿಯ ಮೇಲೆ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರಲ್ಲಿ ಹೇಳಿದ್ದೂ ಇದನ್ನೇ: ಪೊಲೀಸರ ಮೊದಲ ವಿಚಾರಣೆಯಿಂದಲೇ ವಕೀಲರು ಸಿಗಬೇಕು. ಬುಡದಲ್ಲಿ ಬಿದ್ದ ಕೊಡಲಿ ಪೆಟ್ಟಿಗೆ ತುದಿಯಲ್ಲಿ ಮದ್ದು ಹಚ್ಚಿದರೆ ಗಿಡ ಉಳಿಯುವುದಿಲ್ಲ.

ಕೋರ್ಟಿನ ಒಳಗೆ ಏನಾಗುತ್ತದೆ ಎಂದು ತೋರಿಸಲು ಕ್ಲಾರೆನ್ಸ್ ಅರ್ಲ್ ಗಿಡಿಯನ್ನನ ಕತೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಇಲ್ಲಿ ವಕೀಲರಾದವರಿಗೆ ಗೊತ್ತಿರುತ್ತದೆ, ಆದರೂ ಸಹಿಸಿಕೊಳ್ಳಿ. ನಮ್ಮವರು ಸಾಮಾನ್ಯವಾಗಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಹೇಳಿ ನಿಲ್ಲಿಸಿಬಿಡುತ್ತಾರೆ. ನನಗೆ ಅದಾದ ಮೇಲಿನದ್ದು ಮುಖ್ಯ.

ಅಮೆರಿಕದ ಫ್ಲಾರಿಡಾದಲ್ಲಿ 1961ರ ಜೂನ್ ತಿಂಗಳ ಒಂದು ಬೆಳಗಿನ ಜಾವ ಬಿಲಿಯರ್ಡ್ಸ್ ಆಡುವ ಜಾಗವೊಂದರ ಬಾಗಿಲು ಒಡೆದು ಒಂದಷ್ಟು ಚಿಲ್ಲರೆ, ಬೀರು, ವೈನು ಕದ್ದಿದ್ದರು. ಗಿಡಿಯನ್ ಒಳಗಿದ್ದದ್ದನ್ನು ಕಂಡೆ, ಹೊರಗೆ ಬಂದು ಟ್ಯಾಕ್ಸಿಗೆ ಫೋನ್ ಮಾಡಿದ್ದನ್ನೂ ನೋಡಿದೆ ಎಂದು ಒಬ್ಬ ಯುವಕ ಹೇಳಿದ. ಗಿಡಿಯನ್ ಬಡವ, ಹಿಂದೆ ಜೈಲು ಕಂಡವನು. ನನಗೊಬ್ಬ ವಕೀಲರನ್ನು ಕೊಡಿ ಎಂದು ನ್ಯಾಯಾಧೀಶರನ್ನು ಕೇಳಿದ. ಮರಣದಂಡನೆಯ ಆರೋಪವಿದ್ದರೆ ಮಾತ್ರ ಕೊಡಲು ಸಾಧ್ಯ ಎಂದರು. ಆತ ತಾನೇ ವಾದಿಸಿದ, ಸಾಕ್ಷಿಗಳನ್ನು ಪ್ರಶ್ನಿಸಿದ, ತನ್ನ ಪರ ಸಾಕ್ಷಿಗಳನ್ನೂ ಕರೆಸಿದ. ಮಾಮೂಲಿ ಮನುಷ್ಯನೊಬ್ಬ ಎಷ್ಟು ಮಾಡಬಹುದೋ ಅಷ್ಟನ್ನೂ ಮಾಡಿದ. ಐದು ವರ್ಷ ಜೈಲಾಯಿತು.

ಜೈಲಿನಿಂದ ಪೆನ್ಸಿಲಿನಲ್ಲಿ ಬರೆದು ಕಳಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಎತ್ತಿಕೊಂಡಿತು. ಅಲ್ಲಿ ಅವನ ಪರ ವಾದಿಸಲು ಏಬ್ ಫೋರ್ಟಾಸ್ ಎಂಬ ಹೆಸರಾಂತ ವಕೀಲರನ್ನು ನೇಮಿಸಿತು. ಗಂಭೀರ ಅಪರಾಧದ ಆರೋಪವಿದ್ದು, ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದವನಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕು ಎಂದು 1963ರ ಮಾರ್ಚ್ 18ರಂದು ಒಮ್ಮತದ ತೀರ್ಪು ಬಂತು. ಗಿಡಿಯನ್ ಬಿಡುಗಡೆಯಾಗಲಿಲ್ಲ, ಮರುವಿಚಾರಣೆಯಾಗಬೇಕೆಂದಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಆರೋಪ, ಅದೇ ಊರು, ಅದೇ ಮುಖ್ಯ ಸಾಕ್ಷಿ. ಹೊಸದಾಗಿ ಬಂದವರು ಫ್ರೆಡ್ ಟರ್ನರ್ ಎಂಬ ಸ್ಥಳೀಯ ವಕೀಲರು.

ಟರ್ನರ್ ವಿಚಾರಣೆಗೆ ಮೊದಲೇ ಊರಲ್ಲಿ ಓಡಾಡಿದರು, ಸಾಕ್ಷಿಗಳನ್ನು ಮಾತಾಡಿಸಿದರು. ನಂತರ ಕೋರ್ಟಿನಲ್ಲಿ ಆ ಯುವಕನ ಬೆನ್ನು ಹತ್ತಿದರು. ಬೆಳಗಿನ ಜಾವ ಅಲ್ಲೇನು ಮಾಡುತ್ತಿದ್ದೆ? ರಾತ್ರಿಯೆಲ್ಲ ಹೊರಗಿದ್ದವನು ಮನೆಗೆ ಹೋಗದೆ ಅಲ್ಲೇ ಯಾಕೆ ಇಳಿದೆ? ಕಳ್ಳತನ ಮಾಡಿದ್ದು ನಿನ್ನ ಗೆಳೆಯರಲ್ಲವೇ, ನೀನು ಕಾವಲಿಗೆ ನಿಂತವನಲ್ಲವೇ ಎಂಬ ಅನುಮಾನ ಜ್ಯೂರಿಯ ತಲೆಯಲ್ಲಿ ಮೂಡುವ ಹಾಗೆ ಮಾಡಿದರು. ಟ್ಯಾಕ್ಸಿ ಚಾಲಕನಿಗೆ ಕೇಳಿದ ಪ್ರಶ್ನೆಗಳೇ ನನಗೆ ಹೆಚ್ಚು ಇಷ್ಟ. ನನ್ನನ್ನು ನೋಡಿದೆ ಎಂದು ಯಾರಿಗೂ ಹೇಳಬೇಡ ಎಂದು ಗಿಡಿಯನ್ ಹೇಳಿದ್ದನೆಂದು ಆ ಚಾಲಕ ಸಾಕ್ಷಿ ನುಡಿದಿದ್ದ. ಹೆಗಲು ಮುಟ್ಟಿಕೊಂಡವನಲ್ಲದೆ ಇನ್ನಾರು ಹಾಗೆ ಹೇಳುತ್ತಾರೆ! ಹಿಂದೆಯೂ ಹೀಗೆ ಹೇಳಿದ್ದುಂಟೇ ಎಂದು ಟರ್ನರ್ ಕೇಳಿದರು. ಹೌದು, ಟ್ಯಾಕ್ಸಿ ಹತ್ತಿದಾಗೆಲ್ಲ ಹೇಳುತ್ತಾನೆ. ಯಾಕೆ? ಹೆಂಡತಿಯ ಜೊತೆ ಅವನಿಗೆ ತಾಪತ್ರಯವಂತೆ. ಅಷ್ಟೇ, ಆ ಸಾಕ್ಷ್ಯದ ವಿಷ ಇಳಿದುಹೋಯಿತು. ಟ್ಯಾಕ್ಸಿ ಹತ್ತುವಾಗ ಅವನ ಕೈಯಲ್ಲಿ ವೈನೂ ಇರಲಿಲ್ಲ, ಬೀರೂ ಇರಲಿಲ್ಲ ಎಂಬುದೂ ಆ ಚಾಲಕನಿಂದಲೇ ಹೊರಬಂತು. ಜ್ಯೂರಿ ಒಂದು ಗಂಟೆ ಚರ್ಚಿಸಿ ಖುಲಾಸೆ ಮಾಡಿತು.

ಅವರೇನು ಹೊಸ ದಾಖಲೆ ತರಲಿಲ್ಲ, ಭಾಷಣ ಬಿಗಿದು ಯಾರನ್ನೂ ಅಳಿಸಲಿಲ್ಲ. ಎರಡು ವರ್ಷದ ಹಿಂದೆಯೂ ಕೇಳಬಹುದಾಗಿದ್ದ ಪ್ರಶ್ನೆಗಳನ್ನು ಕೇಳಿದರು. ಗಿಡಿಯನ್ ಯಾಕೆ ಕೇಳಲಿಲ್ಲ? ಏನು ಕೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಸೆಲ್ಲಿನಲ್ಲಿದ್ದವನು ಊರು ಸುತ್ತಿ ವಿಷಯ ಸಂಗ್ರಹಿಸುವುದು ಹೇಗೆ? ಅಷ್ಟೇ ಅಲ್ಲ, ತನ್ನ ಮೇಲೆ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡ ಮನುಷ್ಯನ ಎದುರು ನಿಂತಾಗ ಯಾರಿಗಾದರೂ ಬಾಯಿಗೆ ಬರುವುದು ಜಗಳ. ಪಾಟೀಸವಾಲಿಗೂ ಜಗಳಕ್ಕೂ ಅಜಗಜಾಂತರ.

'ನುರಿತ' ಎಂಬ ಪದವನ್ನು ಇಲ್ಲಿ ಹಿಡಿದುಕೊಳ್ಳಬೇಕು. ಪಕ್ಕದಲ್ಲಿ ಕರಿಕೋಟು ಹಾಕಿದ ಯಾರೋ ಒಬ್ಬರು ಕೂತರೆ ಆಗುವುದಿಲ್ಲ. 1931ರಲ್ಲಿ ಅಲಬಾಮಾದ ಸ್ಕಾಟ್ಸ್‌ಬೊರೊದಲ್ಲಿ ಒಂಬತ್ತು ಕರಿಯ ಹುಡುಗರ ಮೇಲೆ ಅತ್ಯಾಚಾರದ ಆರೋಪ ಬಂದಾಗ ನ್ಯಾಯಾಧೀಶರು ಊರಿನ ಎಲ್ಲ ವಕೀಲರನ್ನೂ ಒಟ್ಟಿಗೆ ನೇಮಿಸಿದರು. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲವಲ್ಲ. ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆಯಾಯಿತು. ಮರುವರ್ಷ ಅದನ್ನು ರದ್ದು ಮಾಡಿದ ಸುಪ್ರೀಂ ಕೋರ್ಟ್, ತಪ್ಪಿತಸ್ಥನಲ್ಲದವನೂ ತನ್ನ ನಿರ್ದೋಷವನ್ನು ತೋರಿಸುವ ಬಗೆ ತಿಳಿಯದೆ ಶಿಕ್ಷೆಗೆ ಒಳಗಾಗಬಹುದು ಎಂದು ಹೇಳಿತು. ಟೆಕ್ಸಾಸ್‌ನ ಕಾಲ್ವಿನ್ ಬರ್ಡೈನ್ ಎಂಬಾತನಿಗೆ 1984ರಲ್ಲಿ ಮರಣದಂಡನೆಯಾದಾಗ ಅವನ ವಕೀಲರು ವಿಚಾರಣೆಯ ನಡುವೆ ಹಲವು ಬಾರಿ ನಿದ್ದೆ ಹೋಗಿದ್ದರು. ಮೇಲ್ಮನವಿಯಲ್ಲಿ ಒಂದು ಪೀಠ, ಮುಖ್ಯವಾದ ಹೊತ್ತಿನಲ್ಲೇ ಮಲಗಿದ್ದರೆಂದು ಹೇಳಲಾಗದು ಎಂಬ ಕಾರಣಕ್ಕೆ ಶಿಕ್ಷೆ ಎತ್ತಿಹಿಡಿಯಿತು! 2001ರಲ್ಲಿ ದೊಡ್ಡ ಪೀಠ ಅದನ್ನು ಸರಿಪಡಿಸಿತು. ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ 2019ರಲ್ಲಿ ಮಧ್ಯಪ್ರದೇಶದ ಒಂದು ಮರಣದಂಡನೆ ಪ್ರಕರಣ ಬಂತು. ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಿ, ಎರಡು ವಾರದೊಳಗೆ ವಿಚಾರಣೆ ಮುಗಿಸಿದ್ದರು. ನ್ಯಾಯಾಲಯ ಶಿಕ್ಷೆ ರದ್ದುಮಾಡಿ, ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸುಗಳಲ್ಲಿ ಕನಿಷ್ಠ 10 ವರ್ಷ ವಕೀಲಿ ಮಾಡಿದವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಎಂದಿತು. ಏಳು ದಿನ ಸಾಕೇ ಎಂದು ನನ್ನನ್ನು ಕೇಳಿದರೆ, ಸಾಲದು.

ನನ್ನ ವಕೀಲರು ಸರಿಯಾಗಿ ಕೆಲಸ ಮಾಡಲಿಲ್ಲ ಎಂದು ಆಮೇಲೆ ದೂರಿ ಗೆಲ್ಲುವುದು ಬಹಳ ಕಷ್ಟ. 1984ರ ಸ್ಟ್ರಿಕ್ಲೆಂಡ್ ತೀರ್ಪಿನ ಪ್ರಕಾರ ಅಮೆರಿಕದಲ್ಲಿ ಎರಡನ್ನು ತೋರಿಸಬೇಕು: ವಕೀಲರ ಕೆಲಸ ನಿಜಕ್ಕೂ ಕಳಪೆಯಾಗಿತ್ತು, ಹಾಗಾಗದಿದ್ದರೆ ಫಲಿತಾಂಶ ಬೇರೆಯಾಗುವ ಸಮಂಜಸ ಸಾಧ್ಯತೆ ಇತ್ತು. ಕೇಳದೆ ಉಳಿದ ಪ್ರಶ್ನೆಗೆ ಸಾಕ್ಷಿ ಏನು ಉತ್ತರ ಕೊಡುತ್ತಿದ್ದ ಎಂದು ಎಷ್ಟೋ ವರ್ಷದ ಮೇಲೆ ಹೇಗೆ ತೋರಿಸುತ್ತೀರಿ?

ಹಾಗಾದರೆ ನುರಿತವರು ಏನು ಮಾಡುತ್ತಾರೆ? ಅರ್ಧಕ್ಕರ್ಧ ಓದುತ್ತಾರೆ. ಚಾರ್ಜ್‌ಶೀಟಿನಲ್ಲಿ ದೂರಿನ ಸಮಯ, ಮಹಜರಿನ ಸಮಯ, ವೈದ್ಯರು ಗಾಯ ನೋಡಿದ ಸಮಯ ಮೂರನ್ನೂ ಸಾಲಾಗಿ ಬರೆದುಕೊಂಡರೆ ಕೆಲವೊಮ್ಮೆ ಅಲ್ಲೇ ಕತೆ ಬಿರುಕು ಬಿಡುತ್ತದೆ. ಸಿಸಿಟಿವಿ ದೃಶ್ಯ ಕೆಲವೇ ದಿನ ಅಥವಾ ವಾರಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆಂದು ತಿಳಿದು ಮೊದಲ ವಾರವೇ ಅದನ್ನು ಕಾಪಿಡಲು ಅರ್ಜಿ ಹಾಕುತ್ತಾರೆ. ವಶಪಡಿಸಿಕೊಂಡ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಸೀಲು ಯಾವಾಗ ಬಿತ್ತು ಎಂದು ನೋಡುತ್ತಾರೆ. ಬೀದಿದೀಪ ಇತ್ತೇ ಎಂದು ರಾತ್ರಿಯೇ ಹೋಗಿ ನಿಂತು ಬರುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದಲ್ಲ ಇನ್ನೊಂದು ಗಾದೆ, ನಮ್ಮ ಕಸುಬು ಅದರ ಮೇಲೆಯೇ ನಿಂತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಪ್ರಶ್ನೆ ಕೇಳಬಾರದೆಂದು ಅವರಿಗೆ ಗೊತ್ತಿರುತ್ತದೆ. ನಾನು ಕಿರಿಯನಾಗಿದ್ದಾಗ ಕೇಳಬಾರದ ಪ್ರಶ್ನೆ ಕೇಳಿ, ಪ್ರಾಸಿಕ್ಯೂಷನ್ ಮರೆತಿದ್ದ ಸಾಕ್ಷ್ಯವನ್ನು ನಾನೇ ಹೊರತೆಗೆದು ದಾಖಲಿಸಿಕೊಟ್ಟಿದ್ದೇನೆ. ಎದುರಿನ ವಕೀಲರು ಆ ದಿನ ನನಗೆ ಕಾಫಿ ಕುಡಿಸಿದರು.

ಕಾನೂನು ಗೊತ್ತಿದ್ದವರಿಗಾದರೂ ಬೇರೆ ವಕೀಲರು ಬೇಡವೇನೋ ಎನಿಸಬಹುದು. ಬ್ರ್ಯಾಂಡನ್ ಮೇಫೀಲ್ಡ್ ಸ್ವತಃ ವಕೀಲರು, ಅಮೆರಿಕದ ಒರೆಗಾನ್‌ನವರು. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಸಿಕ್ಕ ಬೆರಳಚ್ಚು ಅವರದೇ ಎಂದು ಎಫ್‌ಬಿಐ ಖಚಿತವಾಗಿ ಹೇಳಿ ಬಂಧಿಸಿತು. ಅವರಿಗೂ ಸರ್ಕಾರಿ ರಕ್ಷಣಾ ವಕೀಲರ ನೆರವು ಬೇಕಾಯಿತು. ಆರೋಪಿಯ ಕಡೆಯಿಂದ ಪರಿಶೀಲಿಸಲು ನೇಮಕವಾದ ಸ್ವತಂತ್ರ ತಜ್ಞರೂ ಬೆರಳಚ್ಚು ಹೊಂದುತ್ತದೆ ಎಂದೇ ಹೇಳಿದರು. ಒಪ್ಪದೆ ನಿಂತವರು ಸ್ಪೇನಿನ ಪೊಲೀಸರು. ಅವರು ಆ ಬೆರಳಚ್ಚಿನ ನಿಜವಾದ ಒಡೆಯನನ್ನು ಗುರುತಿಸಿದ ಮೇಲೆ, ಎರಡು ವಾರ ಕಳೆದು ಮೇಫೀಲ್ಡ್ ಹೊರಬಂದರು. ಎಫ್‌ಬಿಐ ಕ್ಷಮೆ ಕೇಳಿತು. ಒಳ್ಳೆಯ ವಕೀಲರಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಿದೆನೆಂದು ಯಾರಾದರೂ ಬರೆದುಕೊಂಡಿದ್ದರೆ, ದಯವಿಟ್ಟು ಹೊಡೆದುಹಾಕಿ.

ನಾನು ಇಷ್ಟಕ್ಕೆ ನಿಲ್ಲಿಸಿ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ನಿಜವಾಗಿ ತಪ್ಪು ಮಾಡಿದವನಿಗೂ ಒಳ್ಳೆಯ ವಕೀಲರು ಸಿಗಬೇಕಾ?"

ಬೇಕಮ್ಮ. ಒಬ್ಬ ಸತ್ತಿದ್ದಾನೆ, ಇವನೇ ಹೊಡೆದಿದ್ದಾನೆ, ಅದರಲ್ಲಿ ವಿವಾದವಿಲ್ಲ ಎಂದಿಟ್ಟುಕೊಳ್ಳಿ. ಕೊಲ್ಲಲೆಂದೇ ಹೊಡೆದನಾ, ಜಗಳದ ಕಾವಿನಲ್ಲಿ ಹೊಡೆದನಾ, ತನ್ನ ಜೀವ ಉಳಿಸಿಕೊಳ್ಳಲು ಹೊಡೆದನಾ? ಮೂರಕ್ಕೂ ಕಾನೂನಿನಲ್ಲಿ ಬೇರೆ ಬೇರೆ ಹೆಸರು, ಬೇರೆ ಬೇರೆ ಫಲ. 1770ರಲ್ಲಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಐವರು ಸತ್ತಾಗ ಊರಿಗೆ ಊರೇ ಕುದಿಯುತ್ತಿತ್ತು. ಆ ಸೈನಿಕರ ಪರ ವಕಾಲತ್ತು ವಹಿಸಿದವರು ಜಾನ್ ಆಡಮ್ಸ್, ಬ್ರಿಟಿಷರನ್ನು ವಿರೋಧಿಸುತ್ತಿದ್ದವರೇ. ಎಂಟು ಸೈನಿಕರಲ್ಲಿ ಆರು ಮಂದಿ ಖುಲಾಸೆಯಾದರು, ಇಬ್ಬರಿಗೆ ಕೊಲೆಗಿಂತ ಕಡಿಮೆ ಅಪರಾಧಕ್ಕೆ ಶಿಕ್ಷೆಯಾಯಿತು. ಎಂಟನ್ನೂ ಒಂದೇ ಹಗ್ಗಕ್ಕೆ ಕಟ್ಟದೆ ಒಬ್ಬೊಬ್ಬನ ಲೆಕ್ಕ ಬೇರೆ ಮಾಡಲು ಒಬ್ಬ ವಕೀಲರು ಬೇಕಾದರು. ಆಡಮ್ಸ್ ಮುಂದೆ ಅಮೆರಿಕದ ಅಧ್ಯಕ್ಷರಾದರು. ಹಾಗೆಂದು ನಮಗೆಲ್ಲ ಅಧ್ಯಕ್ಷಗಿರಿ ಸಿಗುವುದಿಲ್ಲ, ಬೈಗುಳ ಸಿಗುತ್ತದೆ.

ಇನ್ನೊಬ್ಬರು ಕೇಳಿದರು: "ಒಳ್ಳೆಯ ವಕೀಲರು ಅಂತ ಗುರುತಿಸೋದು ಹೇಗೆ?"

ಗೆಲ್ಲಿಸಿಕೊಡುತ್ತೇನೆ ಎಂದು ಮೊದಲ ದಿನವೇ ಮಾತು ಕೊಟ್ಟರೆ ಎದ್ದು ಬನ್ನಿ. ಅವರಿನ್ನೂ ಕಾಗದ ಓದಿಲ್ಲ. ಈ ಬಗೆಯ ಕೇಸುಗಳನ್ನು ವಿಚಾರಣೆಯ ಕೊನೆಯವರೆಗೆ ನಡೆಸಿದ್ದೀರಾ ಎಂದು ಕೇಳಿ, ಸಂಕೋಚ ಬೇಡ. ನಿಮ್ಮ ಮಾತು ಕೇಳಿಸಿಕೊಳ್ಳುವಾಗ ಅವರು ಏನಾದರೂ ಬರೆದುಕೊಳ್ಳುತ್ತಾರಾ ನೋಡಿ. ನಿಮಗೆ ಹಿತವಾಗದ ಪ್ರಶ್ನೆಗಳನ್ನು ಕೇಳಿದರೆ ಮುನಿಸಿಕೊಳ್ಳಬೇಡಿ, ಅದೇ ಪ್ರಶ್ನೆಯನ್ನು ನಾಳೆ ಕಟಕಟೆಯಲ್ಲಿ ಎದುರಿನವರು ಕೇಳುತ್ತಾರೆ. ದುಬಾರಿಯವರೇ ನುರಿತವರು ಎಂದೇನಿಲ್ಲ. ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವು ಕೇಳಿ. ಅದು ಭಿಕ್ಷೆಯಲ್ಲ, ಹಕ್ಕು.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದರು: "ಅಲ್ಲ ಸ್ವಾಮಿ, ಆ ಇಸ್ಪೀಟಿನವನು ಏನಾದ? ಅದನ್ನೇ ಹೇಳಲಿಲ್ಲವಲ್ಲ."

ಖುಲಾಸೆಯಾದ. ಆಟಕ್ಕೆ ಕೂತಿದ್ದವರಲ್ಲಿ ಒಬ್ಬರು, ತಮಗೂ ಜೂಜಿನ ಕೇಸು ಬಿದ್ದೀತೆಂದು ಗೊತ್ತಿದ್ದೂ, ಬಂದು ಸಾಕ್ಷಿ ಹೇಳಿದರು. ಟವರ್ ದಾಖಲೆ ಹೇಗೂ ಇತ್ತು. ತೀರ್ಪು ಓದಿದ ಮೇಲೆ ಹೊರಗೆ ವರಾಂಡದಲ್ಲಿ ನನ್ನ ಕೈ ಹಿಡಿದುಕೊಂಡ. ಧನ್ಯವಾದ ಹೇಳುತ್ತಾನೆ ಅಂದುಕೊಂಡೆ. "ಸಾರ್, ತೀರ್ಪಿನ ಕಾಪಿಯಲ್ಲಿ ಇಸ್ಪೀಟಿನ ವಿಷಯ ಬರೆದಿರುತ್ತಾರಾ?" ಎಂದು ಕೇಳಿದ. ಬರೆದಿರುತ್ತಾರಪ್ಪ, ನೀನು ಹೊರಗೆ ಬಂದದ್ದೇ ಅದರಿಂದ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಕಾಪಿ ನಿಮ್ಮ ಆಫೀಸಿನಲ್ಲೇ ಇರಲಿ ಸಾರ್" ಎಂದ. ಇನ್ನೂ ಅಲ್ಲೇ ಇದೆ.